ಮೊರೆಯ ಭಾಷೆ: ಅನಿಶ್ಚಿತತೆಯ ಕಾಲದಲ್ಲಿ ಕ್ರೈಸ್ತ ವಿಶ್ವಾಸ ಮತ್ತು ಮನಃಸ್ವಾಸ್ಥ್ಯ (ರಾಯಚೂರು ಸೀಮೆಯನ್ನು ಅನುಲಕ್ಷಿಸಿ)

ಕನ್ನಡ ಕ್ರೈಸ್ತ ಸಾಹಿತ್ಯದ ಅಧ್ಯಯನವು ಬಹುಮಟ್ಟಿಗೆ ಮಿಶನರಿಗಳ ಕೊಡುಗೆಯ ಅಧ್ಯಯನವಾಗಿ ನಡೆದುಬಂದಿದೆ. ಮುದ್ರಣ, ನಿಘಂಟು, ವ್ಯಾಕರಣ, ಪತ್ರಿಕೆ, ಹಳಗನ್ನಡ ಕಾವ್ಯಗಳ ಸಂಪಾದನೆ ಮೊದಲಾದ ಕ್ಷೇತ್ರಗಳಲ್ಲಿ ಅವರು ಮಾಡಿದ ಕೆಲಸವನ್ನು ವಿದ್ವಾಂಸರು ಆದರದಿಂದ ದಾಖಲಿಸಿದ್ದಾರೆ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ಈ ದಿಸೆಯಲ್ಲಿ ಇಂದಿಗೂ ಆಧಾರಗ್ರಂಥ. ಆದರೆ ಆ ಪಠ್ಯಗಳನ್ನು ಓದಿದವರು, ಹಾಡಿದವರು, ಬರ, ಕಾಯಿಲೆ, ಸಾವುಗಳ ನಡುವೆ ಅವುಗಳ ಮಾತನ್ನು ತಮ್ಮ ಮಾತಾಗಿ ಮಾಡಿಕೊಂಡವರು ಅಧ್ಯಯನದ ಅಂಚಿನಲ್ಲಿಯೇ ಉಳಿದಿದ್ದಾರೆ. ಪಠ್ಯವನ್ನು ಯಾರು ಅಚ್ಚು ಹಾಕಿದರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಆ ಪಠ್ಯವು ಸಂಕಟದಲ್ಲಿದ್ದ ಮನಸ್ಸಿಗೆ ಏನು ಮಾಡಿತು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ನಾಳೆ ಏನೆಂದು ತಿಳಿಯದ ಕಾಲದಲ್ಲಿ ಕ್ರೈಸ್ತ ವಿಶ್ವಾಸವು ಮನಸ್ಸಿನ ಸ್ವಾಸ್ಥ್ಯಕ್ಕೆ ಹೇಗೆ ಒದಗುತ್ತದೆ, ಯಾವಾಗ ಒದಗುವುದಿಲ್ಲ ಎಂಬುದನ್ನು ಕನ್ನಡ ಬೈಬಲಿನ ಪದಗಳು ಮತ್ತು ರೂಪಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ರಾಯಚೂರು, ಮಾನ್ವಿ, ದೇವದುರ್ಗ, ಕಲ್ಲೂರುಗಳನ್ನೊಳಗೊಂಡ ಸೀಮೆಯನ್ನು ಹಿನ್ನೆಲೆಯಾಗಿ ಇಟ್ಟುಕೊಳ್ಳಲಾಗಿದೆ. ವಿಶ್ವಾಸವು ಸಂಕಟಕ್ಕೆ ಮಾತು ಕೊಟ್ಟಾಗ ಮನಸ್ಸಿಗೆ ಆಸರೆಯಾಗುತ್ತದೆ. ಸಂಕಟದ ಬಾಯಿ ಮುಚ್ಚಿಸಲು ಬಳಕೆಯಾದಾಗ ಅದೇ ವಿಶ್ವಾಸ ಹೊರೆಯಾಗುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

1. ಅನಿಶ್ಚಿತತೆಯ ನೆಲ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಪ್ರದೇಶವನ್ನು ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆದಿವೆ. ದೇವದುರ್ಗ ಕೃಷ್ಣೆಯ ಕಡೆಗಿದ್ದರೆ ಮಾನ್ವಿ ತುಂಗಭದ್ರೆಯ ಕಡೆಗಿದೆ. ಎರಡು ತೊರೆಗಳ ನಡುವಿನ ನಾಡಾದರೂ ನೀರಿನ ನಂಬುಗೆ ಇಲ್ಲಿ ಎಂದೂ ಗಟ್ಟಿಯಾಗಿರಲಿಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಆವರಿಸಿದ ‘ಧಾತು ಈಶ್ವರ’ ಬರದ ತೀವ್ರತೆಯನ್ನು ಅಂದಿನ ಜನಗಣತಿಗಳೇ ಹೇಳುತ್ತವೆ: ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ರಾಯಚೂರಿಗೆ ನೆರೆಯಾದ ಬಳ್ಳಾರಿ ಜಿಲ್ಲೆ ಈ ಬರದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಒಂದು.

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯವು ಈ ನೆಲದ ಭಾಗ್ಯವನ್ನು ಬದಲಿಸಿತೆಂಬುದು ನಿಜ. ಆದರೆ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ, ಸಿರವಾರ, ರಾಯಚೂರುಗಳ ರೈತರಿಗೆ ನೀರು ಯಾವಾಗ, ಎಷ್ಟು ಬರುತ್ತದೆಂಬ ಪ್ರಶ್ನೆ ಪ್ರತಿ ಹಂಗಾಮಿನಲ್ಲಿಯೂ ಹೊಸದಾಗಿ ಏಳುತ್ತದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿಗಳಷ್ಟಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿ ಅಡಿಗಳಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್‌ಗೇಟು ಕೊಚ್ಚಿಹೋದಾಗ, ತುಂಬಿದ ಅಣೆಕಟ್ಟೂ ಒಂದು ರಾತ್ರಿಯಲ್ಲಿ ಅನಿಶ್ಚಿತವಾಗಬಲ್ಲುದೆಂಬುದು ಮತ್ತೆ ಸ್ಪಷ್ಟವಾಯಿತು. ಮಳೆ ಹೆಚ್ಚಾದರೂ ಇಲ್ಲಿ ಕಷ್ಟವೇ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಪ್ರವಾಹದಲ್ಲಿ ರಾಯಚೂರು ಜಿಲ್ಲೆಯ ನದೀತೀರದ ಹಳ್ಳಿಗಳು ಮುಳುಗಿದವು.

ಕೆಲಸ ಸಿಗದ ತಿಂಗಳುಗಳಲ್ಲಿ ಕುಟುಂಬ ಸಮೇತ ದೂರದ ಊರಿಗೆ ದುಡಿಯಲು ಹೋಗುವುದಕ್ಕೆ ಈ ಸೀಮೆಯಲ್ಲಿ ‘ಗುಳೆ’ ಎಂಬ ಮಾತಿದೆ. ಗುಳೆ ಹೋದವರ ಮನೆಯಲ್ಲಿ ಮುದುಕರು ಮತ್ತು ಮಕ್ಕಳು ಉಳಿಯುತ್ತಾರೆ. ಹೋದವರು ಎಂದು ಬರುತ್ತಾರೆ ಎಂಬುದಕ್ಕೆ ಉತ್ತರವಿರುವುದಿಲ್ಲ. 2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಇದೇ ದಾರಿ ಹಿಂದಕ್ಕೆ ತಿರುಗಿತು. ಆ ವರ್ಷ ಏಪ್ರಿಲ್ 12ರ ಈಸ್ಟರ್ ಹಬ್ಬವನ್ನು ಚರ್ಚುಗಳು ಸಭೆಯಿಲ್ಲದೆ ಆಚರಿಸಿದವು.

ಈ ನೆಲದಲ್ಲಿ ಕ್ರೈಸ್ತ ವಿಶ್ವಾಸದ ಇರವು ಹೊಸದೇನಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಕಥೋಲಿಕ ಚರ್ಚಿನ ಮೂಲವನ್ನು 16ನೆಯ ಶತಮಾನದ ಮಧ್ಯಭಾಗದ, ಅಂದರೆ ಆದಿಲ್‌ಶಾಹಿ ಕಾಲದ ಜೆಸ್ವಿಟ್ ಪಾದ್ರಿಗಳವರೆಗೆ ಒಯ್ಯಲಾಗುತ್ತದೆ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನೆಲೆಸಿದನು. ನಿಜಾಮನ ಆಳ್ವಿಕೆಗೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಮೆಥೊಡಿಸ್ಟ್ ಸಭೆಗಳು ಮುಂದೆ ಬೇರೂರಿದವು. ಈ ಸಭೆಗಳಿಗೆ ಬಂದವರಲ್ಲಿ ಹೆಚ್ಚಿನವರು ಊರಿನ ಹೊರಗೆ ಇರಿಸಲ್ಪಟ್ಟಿದ್ದ ಸಮುದಾಯಗಳವರು. ಅವರಿಗೆ ಸಭೆಯು ಹೆಸರು, ಅಕ್ಷರ ಮತ್ತು ಆತ್ಮಗೌರವವನ್ನು ಕೊಟ್ಟಿತು. ಆದರೆ 1950ರ ಪರಿಶಿಷ್ಟ ಜಾತಿಗಳ ಆದೇಶವು ಕ್ರೈಸ್ತರಾದ ದಲಿತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಒಳಗೊಂಡ ಈ ಆದೇಶ ಕ್ರೈಸ್ತರನ್ನು ಒಳಗೊಳ್ಳಲಿಲ್ಲ. ಹೀಗಾಗಿ ಮಳೆ, ನೀರು, ಕೂಲಿಗಳ ಅನಿಶ್ಚಿತತೆಯ ಜೊತೆಗೆ, ತಾನು ಯಾರೆಂದು ಕಾಗದದಲ್ಲಿ ಬರೆಸಬೇಕು ಎಂಬ ಅನಿಶ್ಚಿತತೆಯೂ ಇಲ್ಲಿನ ಅನೇಕ ಕ್ರೈಸ್ತ ಕುಟುಂಬಗಳ ಪಾಲಿಗೆ ಬಂದಿದೆ. ಮನಃಸ್ವಾಸ್ಥ್ಯದ ಚರ್ಚೆಯು ಈ ವಾಸ್ತವವನ್ನು ಬಿಟ್ಟು ಕೇವಲ ‘ಮನಸ್ಸಿನ’ ಚರ್ಚೆಯಾಗಲಾರದು.

2. ಪದಗಳು ಕೊಟ್ಟ ಆಸರೆ

ಸಂಕಟವನ್ನು ಹೇಳಿಕೊಳ್ಳಲು ಮೊದಲು ಬೇಕಾದುದು ಪದ. ಹ್ಯಾಂಡ್ಸ್ ಮತ್ತು ಅವನ ಸಹಾಯಕರ ದೀರ್ಘ ಶ್ರಮದಿಂದ ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಬಳ್ಳಾರಿಯಲ್ಲಿ ಮುದ್ರಣವಾಗಿ ಹೊರಬಂದಿತು. ಇದೇ ವಲಯದ ವಿಲಿಯಂ ರೀವ್‌ನ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಪ್ರಕಟವಾಯಿತು. ಭಾಷಾಂತರ ಮತ್ತು ನಿಘಂಟು ಜೊತೆಜೊತೆಯಾಗಿ ಬೆಳೆದುದು ಗಮನಾರ್ಹ. ಆ ಬಳಿಕ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರು ಪರಿಷ್ಕರಿಸಿದ ಪಠ್ಯಗಳಲ್ಲಿಯೂ, 20ನೆಯ ಶತಮಾನದಲ್ಲಿ ಬಳಕೆಗೆ ಬಂದ ‘ಸತ್ಯವೇದವು’ ಎಂಬ ಆವೃತ್ತಿಯಲ್ಲಿಯೂ ಕೆಲವು ಪದಗಳು ಸ್ಥಿರಗೊಂಡವು. ಅವುಗಳಲ್ಲಿ ಮನಸ್ಸಿಗೆ ನೇರವಾಗಿ ಸಂಬಂಧಿಸಿದ ನಾಲ್ಕನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ‘ನಂಬಿಕೆ’. ಪ್ರಾಟೆಸ್ಟಂಟ್ ಪಠ್ಯಗಳು ಈ ಅಚ್ಚಗನ್ನಡ ಪದವನ್ನು ಆರಿಸಿಕೊಂಡರೆ ಕಥೋಲಿಕ ಬಳಕೆಯಲ್ಲಿ ‘ವಿಶ್ವಾಸ’ವೇ ರೂಢಿಯಾಗಿದೆ. ವ್ಯವಹಾರದ ಕನ್ನಡದಲ್ಲಿ ‘ನಂಬು’ ಎಂದರೆ ಒಂದು ಸಂಗತಿಯನ್ನು ನಿಜವೆಂದು ಒಪ್ಪುವುದಷ್ಟೇ ಅಲ್ಲದೆ, ಒಬ್ಬರ ಮೇಲೆ ಭಾರ ಹಾಕುವುದೂ ಆಗಿದೆ. ‘ಮಳೆಯನ್ನು ನಂಬಿ ಬಿತ್ತಿದೆವು’ ಎನ್ನುವ ರೈತ ಮಳೆ ಬರುತ್ತದೆಂದು ಸಾಧಿಸುತ್ತಿಲ್ಲ. ಬೀಜವನ್ನು ಮಣ್ಣಿಗೆ ಹಾಕಿದ್ದಾನೆ, ಅಷ್ಟೆ. ‘ವಿಶ್ವಾಸ’ಕ್ಕೆ ಕನ್ನಡದಲ್ಲಿ ಸ್ನೇಹ, ಒಲವು ಎಂಬ ಛಾಯೆಯೂ ಇದೆ, ‘ಪ್ರೀತಿ ವಿಶ್ವಾಸ’ ಎಂಬ ಜೋಡುನುಡಿಯೇ ಇದಕ್ಕೆ ಸಾಕ್ಷಿ. ಎರಡೂ ಪದಗಳಲ್ಲಿ ಖಚಿತ ಜ್ಞಾನಕ್ಕಿಂತ ಸಂಬಂಧವೇ ಮುಂದಾಗಿದೆ.

ಎರಡನೆಯದು ‘ನಿರೀಕ್ಷೆ’. ಸಂಸ್ಕೃತದಲ್ಲಿ ‘ಚೆನ್ನಾಗಿ ನೋಡುವುದು’ ಎಂಬ ಅರ್ಥವುಳ್ಳ ಈ ಪದ ಕನ್ನಡದಲ್ಲಿ ದಾರಿ ಕಾಯುವ ಅರ್ಥವನ್ನು ಪಡೆದಿದೆ. ಬೈಬಲ್ ಭಾಷಾಂತರವು ಇದನ್ನು ನಂಬಿಕೆ ಮತ್ತು ಪ್ರೀತಿಗಳ ಸಾಲಿನಲ್ಲಿ ಇರಿಸಿತು. ಒಳ್ಳೆಯದೇ ಆಗುತ್ತದೆಂಬ ಹಗುರ ಆಶಾವಾದಕ್ಕಿಂತ ಇದು ಭಿನ್ನ. ನಿರೀಕ್ಷಿಸುವವನು ಬರಬೇಕಾದುದು ಇನ್ನೂ ಬಂದಿಲ್ಲವೆಂದು ಒಪ್ಪಿಕೊಂಡಿರುತ್ತಾನೆ. ಗುಳೆ ಹೋದ ಮಗನ ದಾರಿ ನೋಡುವ ತಾಯಿಗೆ ಈ ಪದವನ್ನು ವಿವರಿಸಿ ಹೇಳಬೇಕಿಲ್ಲ.

ಮೂರನೆಯದಾದ ‘ಸಮಾಧಾನ’ವು ಕನ್ನಡದಲ್ಲಿ ಶಾಂತಿ, ಸಾಂತ್ವನ, ತಾಳ್ಮೆ, ಆಕ್ಷೇಪಕ್ಕೆ ಕೊಡುವ ಉತ್ತರ - ಇಷ್ಟೂ ಅರ್ಥಗಳಲ್ಲಿ ಬಳಕೆಯಾಗುತ್ತದೆ. ಪುನರುತ್ಥಾನದ ಬಳಿಕ ಯೇಸು ತನ್ನ ಶಿಷ್ಯರನ್ನು ಈ ಪದದಿಂದಲೇ ಹರಸುತ್ತಾನೆ. ಅವರು ಆಗ ಹೆದರಿ ಬಾಗಿಲು ಮುಚ್ಚಿಕೊಂಡು ಕುಳಿತಿದ್ದರು. ಸಮಾಧಾನವು ಭಯ ಕಳೆದ ಮೇಲೆ ಬರುವ ಫಲವಾಗಿರದೆ ಭಯದ ನಡುವೆಯೇ ಆಡಿದ ಮಾತಾಗಿದೆ.

ನಾಲ್ಕನೆಯ ಪದ ‘ಚಿಂತೆ’. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಊಟಕ್ಕೂ ಉಡುಪಿಗೂ ಚಿಂತಿಸಬಾರದೆಂಬ ಉಪದೇಶವಿದೆ. ಸಂಕಟದಲ್ಲಿರುವವರನ್ನು ಗದರಿಸಲು ಇದನ್ನು ಬಳಸುವುದುಂಟು. ಆದರೆ ಆ ಭಾಗದ ಕೊನೆಯನ್ನು ಗಮನಿಸಿದರೆ, ಪ್ರತಿ ದಿನಕ್ಕೂ ಅದರದೇ ಆದ ಕಷ್ಟವಿದೆಯೆಂದು ಅದು ಒಪ್ಪುತ್ತದೆ. ಅದೇ ಅಧ್ಯಾಯದ ಪ್ರಾರ್ಥನೆಯು ಬೇಡುವುದು ಒಂದು ದಿನದ ಆಹಾರವನ್ನು. ಅಂದಂದಿನ ಕೂಲಿಯಿಂದ ಅಂದಂದಿನ ರೊಟ್ಟಿ ಕಾಣುವವರಿಗೆ ಇದು ಅಮೂರ್ತ ತತ್ತ್ವವಲ್ಲ. ನಾಳೆಯ ಹೊರೆಯನ್ನು ಇಂದೇ ಹೊರದಿರುವಂತೆ ಮನಸ್ಸಿಗೆ ಒಂದು ದಿನದ ಎಲ್ಲೆಯನ್ನು ಹಾಕಿಕೊಡುವ ಮಾತು ಅದು.

3. ಮೊರೆಯ ರೂಪ

ಪದದ ನಂತರ ಬೇಕಾದುದು ರೂಪ. ಬೈಬಲಿನ 150 ಕೀರ್ತನೆಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವು ಮೊರೆಯ ಹಾಡುಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. 13ನೆಯ ಕೀರ್ತನೆ ‘ಎಷ್ಟರವರೆಗೆ’ ಎಂಬ ಪ್ರಶ್ನೆಯನ್ನು ನಾಲ್ಕು ಸಲ ಎತ್ತಿ ಆರಂಭವಾಗುತ್ತದೆ. 42 ಮತ್ತು 43ನೆಯ ಕೀರ್ತನೆಗಳಲ್ಲಿ ಹಾಡುಗಾರನು ತನ್ನ ಮನಸ್ಸನ್ನೇ ಎದುರಿಗೆ ನಿಲ್ಲಿಸಿಕೊಂಡು, ಏಕೆ ಕುಗ್ಗಿರುವೆ ಎಂದು ಮೂರು ಬಾರಿ ಕೇಳುತ್ತಾನೆ. ಇಂದಿನ ವೈದ್ಯಕೀಯ ಬರಹಗಳು ‘ಖಿನ್ನತೆ’ ಎನ್ನುವುದನ್ನು ಕನ್ನಡ ಜನರು ಮನಸ್ಸು ‘ಕುಗ್ಗಿತು’, ಎದೆ ‘ಗುಂದಿತು’ ಎಂದೇ ಹೇಳುತ್ತಾರೆ. ಕೀರ್ತನೆಯ ಕನ್ನಡವೂ ಆ ಮಾತಿಗೇ ಹತ್ತಿರದ್ದು. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲಿಯೇ ಕೊನೆಗೊಳ್ಳುತ್ತದೆ. ಅಲ್ಲಿ ಪರಿಹಾರವಿಲ್ಲ, ಸ್ತುತಿಯ ಮುಕ್ತಾಯವಿಲ್ಲ. ಹಾಗಿದ್ದೂ ಅದನ್ನು ಸಭೆಯ ಹಾಡುಪುಸ್ತಕದಿಂದ ಯಾರೂ ತೆಗೆದುಹಾಕಲಿಲ್ಲ ಎಂಬುದು ಇಲ್ಲಿ ಮುಖ್ಯ.

‘ಪ್ರಲಾಪಗಳು’ ಎಂಬ ಪುಸ್ತಕದ ರಚನೆಯೂ ಸಾಹಿತ್ಯ ವಿದ್ಯಾರ್ಥಿಗಳ ಗಮನಕ್ಕೆ ಯೋಗ್ಯವಾದುದು. ಯೆರೂಸಲೇಮಿನ ನಾಶವನ್ನು ಕುರಿತು ರೋದಿಸುವ ಈ ಕೃತಿಯ ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಹೆಣೆಯಲ್ಪಟ್ಟಿವೆ. ಐದನೆಯದರಲ್ಲಿ 22 ಪದ್ಯಗಳಿದ್ದರೂ ಅಕ್ಷರಕ್ರಮ ಕಳಚಿಹೋಗಿದೆ. ಊರು, ಗುಡಿ, ಅರಸು ಎಲ್ಲವೂ ಹೋದ ಮೇಲೆ ಜನರ ಬಳಿ ಉಳಿದುದು ಅಕ್ಷರಮಾಲೆ ಮಾತ್ರ. ಎಲ್ಲೆಯಿಲ್ಲದ ದುಃಖಕ್ಕೆ ಅದು ಮೊದಲು ಮತ್ತು ಕೊನೆಯನ್ನು ಒದಗಿಸುತ್ತದೆ. ಭಾಷಾಂತರದಲ್ಲಿ ಈ ಅಕ್ಷರಬಂಧ ಉಳಿಯದಿದ್ದರೂ ದುಃಖವನ್ನು ಹಂತಹಂತವಾಗಿ ಹೇಳುವ ನಡೆ ಉಳಿದಿದೆ.

ಬೈಬಲಿನ ಈ ಹಾಡುಗಳಿಗೆ ಭಾಷಾಂತರಕಾರರು ‘ಕೀರ್ತನೆ’ ಎಂಬ ಹೆಸರನ್ನು ಕೊಟ್ಟುದು ಎಡೆದೊರೆ ನಾಡಿನ ಮಟ್ಟಿಗೆ ವಿಶೇಷ ಅರ್ಥವುಳ್ಳದ್ದು. ಇದು ದಾಸರ ನೆಲ. ವಿಜಯದಾಸರು (1682-1755) ಮಾನ್ವಿ ತಾಲೂಕಿನ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ದ ಜಗನ್ನಾಥದಾಸರು (1728-1809) ಮಾನ್ವಿ ತಾಲೂಕಿನ ಬ್ಯಾಗವಾಟದವರು. ಕಲ್ಲೂರು ಇಂದಿಗೂ ಮಹಾಲಕ್ಷ್ಮಿಯ ಕ್ಷೇತ್ರವೆಂದು ಪ್ರಸಿದ್ಧ. ದೇವರನ್ನು ನೇರವಾಗಿ ಪ್ರಶ್ನಿಸುವ, ಚುಚ್ಚುವ, ಬಯ್ಯುವ ‘ನಿಂದಾಸ್ತುತಿ’ ದಾಸಸಾಹಿತ್ಯದಲ್ಲಿ ಮಾನ್ಯವಾದ ಪ್ರಕಾರ. ‘ಮನವೇ’ ಎಂದು ತನ್ನ ಮನಸ್ಸನ್ನೇ ಸಂಬೋಧಿಸುವುದು ಕನ್ನಡ ಭಕ್ತಿಪರಂಪರೆಯ ಚಿರಪರಿಚಿತ ಕ್ರಮ. ಆದುದರಿಂದ ದಾವೀದನ ಕೀರ್ತನೆಯ ಮೊರೆ ಇಲ್ಲಿನ ಕಿವಿಗೆ ಅಪರಿಚಿತವಾಗಿ ಕೇಳಿಸಿರಲಾರದು. ಮುದಗಲ್ಲಿನಲ್ಲಿ ಚರ್ಚಿನಂತೆಯೇ ಮೊಹರಮ್ಮೂ ಹೆಸರುವಾಸಿ. ಕರ್ಬಲಾದ ದುರಂತವನ್ನು ಹಾಡುವ ಕನ್ನಡದ ರಿವಾಯತ ಪದಗಳು ಉತ್ತರ ಕರ್ನಾಟಕದಲ್ಲಿ ಜಾತಿಮತಗಳ ಗಡಿ ದಾಟಿ ಹಾಡಲ್ಪಡುತ್ತವೆ. ದಾಸರ ಪದ, ರಿವಾಯತ ಮತ್ತು ಕ್ರೈಸ್ತ ಕೀರ್ತನೆಗಳು ಸಿದ್ಧಾಂತದಲ್ಲಿ ಒಂದಕ್ಕೊಂದು ದೂರವಾದವು. ದುಃಖವನ್ನು ಹತ್ತು ಜನರ ನಡುವೆ ಹಾಡಿ ಹಗುರಗೊಳಿಸುವ ಕ್ರಮದಲ್ಲಿ ಮಾತ್ರ ಇವು ಒಂದೇ ನೆಲದ ಬೆಳೆಗಳು.

ಕ್ರೈಸ್ತ ಮೊರೆಗೆ ಅದರದೇ ಆದ ಒಂದು ವೈಶಿಷ್ಟ್ಯವೂ ಇದೆ. ಶಿಲುಬೆಯ ಮೇಲೆ ಯೇಸು 22ನೆಯ ಕೀರ್ತನೆಯ ಮೊದಲ ಮಾತನ್ನು, ಅಂದರೆ ಕೈಬಿಡಲ್ಪಟ್ಟವನ ಕೂಗನ್ನು, ತನ್ನದಾಗಿಸಿಕೊಳ್ಳುತ್ತಾನೆ. ಹೀಗೆ ಇಲ್ಲಿ ಮೊರೆಯನ್ನು ಕೇಳಬೇಕಾದವನೇ ಮೊರೆಯಿಡುವವನೂ ಆಗಿದ್ದಾನೆ. ತನ್ನ ಹತಾಶೆ ದೈವದ್ರೋಹವೆಂದು ಭಯಪಡುವ ಭಕ್ತನಿಗೆ ಇದಕ್ಕಿಂತ ದೊಡ್ಡ ಅಭಯವಿಲ್ಲ.

4. ಹತಾಶೆಯ ಕೋಟೆ: ‘ಯಾತ್ರಿಕನ ಸಂಚಾರ’

ಕೀರ್ತನೆಯು ಸಮೂಹದ ಹಾಡಾದರೆ ಒಬ್ಬಂಟಿ ಮನಸ್ಸಿನ ಕಥನಕ್ಕೆ ಕನ್ನಡದಲ್ಲಿ ಮಾದರಿಯೊದಗಿಸಿದ ಕೃತಿ ‘ಯಾತ್ರಿಕನ ಸಂಚಾರ’. ಜಾನ್ ಬನಿಯನ್‌ನ ಇಂಗ್ಲಿಷ್ ಕೃತಿ 1678ರಲ್ಲಿ ಪ್ರಕಟವಾಯಿತು. ಬಾಸೆಲ್ ಮಿಶನ್ನಿನ ವೈಗ್ಲೆ ಮತ್ತು ಮೊಗ್ಲಿಂಗ್ ಅದನ್ನು 19ನೆಯ ಶತಮಾನದ ಮಧ್ಯಭಾಗದಲ್ಲಿ ಕನ್ನಡಕ್ಕೆ ತಂದರು. ಹೊಸಗನ್ನಡ ಗದ್ಯದ ಚರಿತ್ರೆಯಲ್ಲಿ ಇದರ ಸ್ಥಾನವನ್ನು ವಿದ್ವಾಂಸರು ಗುರುತಿಸಿದ್ದಾರೆ. ಇದನ್ನು ಮನಸ್ಸಿನ ಸಂಕಟದ ಕಥನವಾಗಿಯೂ ಓದಲು ಅವಕಾಶವಿದೆ.

ಬನಿಯನ್ ಸ್ವತಃ ಬಹುಕಾಲ ತೀವ್ರ ಮಾನಸಿಕ ಯಾತನೆ ಅನುಭವಿಸಿದವನು. ತಾನು ಕ್ಷಮೆಗೆ ಅನರ್ಹನೆಂಬ ಆಲೋಚನೆ ಬಿಡದೆ ಕಾಡಿದ ಬಗೆಯನ್ನು ಅವನು 1666ರ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಆ ಅನುಭವ ‘ಯಾತ್ರಿಕನ ಸಂಚಾರ’ದಲ್ಲಿ ಭೂದೃಶ್ಯವಾಗಿ ಮಾರ್ಪಟ್ಟಿದೆ. ಯಾತ್ರಿಕನು ಹೊರಟ ಕೂಡಲೇ ಹತಾಶೆಯ ಕೆಸರಿನಲ್ಲಿ ಹೂತುಹೋಗುತ್ತಾನೆ; ನಡುದಾರಿಯಲ್ಲಿ ಹತಾಶೆಯೆಂಬ ದೈತ್ಯನು ಅವನನ್ನು ಸಂಶಯದ ಕೋಟೆಯಲ್ಲಿ ಕೂಡಿಹಾಕಿ, ಪ್ರಾಣ ಕಳೆದುಕೊಳ್ಳುವಂತೆ ಪ್ರೇರಿಸುತ್ತಾನೆ. ಆ ಹೊತ್ತಿನಲ್ಲಿ ಅವನನ್ನು ಉಳಿಸುವವನು ಜೊತೆಯಲ್ಲಿ ಸೆರೆಯಾದ ಸಂಗಾತಿ. ಅವನು ಉಪದೇಶ ಮಾಡುವುದಕ್ಕಿಂತ ಹೆಚ್ಚಾಗಿ, ಹಿಂದೆ ಪಾರಾದ ಕಷ್ಟಗಳನ್ನು ನೆನಪಿಗೆ ತರುತ್ತಾ ಇನ್ನೂ ಸ್ವಲ್ಪ ತಾಳುವಂತೆ ಬೇಡಿಕೊಳ್ಳುತ್ತಾನೆ. ಕೊನೆಗೆ ಬಾಗಿಲು ತೆರೆಯುವುದು ಯಾತ್ರಿಕನ ಮಡಿಲಲ್ಲೇ ಇದ್ದ, ವಾಗ್ದಾನವೆಂಬ ಕೀಲಿಕೈಯಿಂದ.

ಇಲ್ಲಿ ಎರಡು ಸಂಗತಿಗಳು ಮಹತ್ವದವು. ಹತಾಶೆಯನ್ನು ಯಾತ್ರಿಕನ ಸ್ವಭಾವವಾಗಿ ಚಿತ್ರಿಸದೆ, ದಾರಿಯಲ್ಲಿ ಬರುವ ಒಂದು ಸ್ಥಳವಾಗಿ ಚಿತ್ರಿಸಲಾಗಿದೆ. ಸ್ಥಳವಾದುದರಿಂದ ಅದನ್ನು ದಾಟಬಹುದು. ಎರಡನೆಯದಾಗಿ, ಅದನ್ನು ದಾಟುವುದು ಒಬ್ಬಂಟಿಯ ಸಾಹಸವಾಗದೆ ಇಬ್ಬರ ಮಾತುಕತೆಯಿಂದ ಸಾಧ್ಯವಾಗಿದೆ. ಕಷ್ಟದಲ್ಲಿರುವವರ ಬಳಿ ಯಾರಾದರೂ ಕುಳಿತು ಮಾತಾಡಿಸಬೇಕೆಂಬ ಇಂದಿನ ಆಪ್ತಸಲಹೆಯ ತಿಳಿವಳಿಕೆಯನ್ನು ಈ ರೂಪಕ ಕಥನವು ತನ್ನದೇ ರೀತಿಯಲ್ಲಿ ಹೇಳಿದೆ.

5. ಮನೋವಿಜ್ಞಾನದ ನೋಟ

ವಿಶ್ವಾಸ ಮತ್ತು ಮನಸ್ಸಿನ ಸಂಬಂಧವನ್ನು ಆಧುನಿಕ ಮನೋವಿಜ್ಞಾನ ಒಂದೇ ಕಣ್ಣಿನಿಂದ ನೋಡಿಲ್ಲ. ವಿಲಿಯಂ ಜೇಮ್ಸ್ 1902ರ ತನ್ನ ಗ್ರಂಥದಲ್ಲಿ, ಲೋಕವನ್ನು ಸಹಜವಾಗಿ ಒಳ್ಳೆಯದೆಂದು ಕಾಣುವ ‘ಸ್ವಸ್ಥ ಮನಸ್ಸು’ ಮತ್ತು ಕೇಡನ್ನು ಆಳವಾಗಿ ಅನುಭವಿಸುವ ‘ರುಗ್ಣ ಆತ್ಮ’ ಎಂದು ಧಾರ್ಮಿಕ ಮನೋಧರ್ಮವನ್ನು ಎರಡಾಗಿ ವಿಂಗಡಿಸಿದ. ಎರಡನೆಯದು ಲೋಕದ ಹೆಚ್ಚಿನ ಪಾಲನ್ನು ಒಳಗೊಳ್ಳುತ್ತದೆಂಬುದು ಅವನ ಅಭಿಪ್ರಾಯ. ಫ್ರಾಯ್ಡ್ 1927ರಲ್ಲಿ ಧರ್ಮವನ್ನು ಭ್ರಮೆಯೆಂದು, ರಕ್ಷಣೆ ಬಯಸುವ ಮಗುವಿನ ಹಂಬಲದ ಮುಂದುವರಿಕೆಯೆಂದು ವಿವರಿಸಿದ.

ಪ್ರಸ್ತುತ ಚರ್ಚೆಗೆ ಹೆಚ್ಚು ನೆರವಾಗುವುದು ಕೆನೆತ್ ಪಾರ್ಗಮೆಂಟ್‌ನ ಚಿಂತನೆ. ಸಂಕಟವನ್ನು ಎದುರಿಸಲು ಜನರು ಧರ್ಮವನ್ನು ಬಳಸುವ ಬಗೆಗಳನ್ನು 1997ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ ಅವನು ಮತ್ತು ಅವನ ಸಹಸಂಶೋಧಕರು ಅವುಗಳಲ್ಲಿ ಎರಡು ಮಾದರಿಗಳನ್ನು ಗುರುತಿಸಿದರು. ದೇವರನ್ನು ಜೊತೆಗಾರನೆಂದು ಕಾಣುವುದು, ಸಭೆಯ ನೆರವನ್ನು ಅರಸುವುದು, ಕ್ಷಮಿಸಲು ಯತ್ನಿಸುವುದು ಇವು ಮೊದಲನೆಯ ಮಾದರಿ. ಕಷ್ಟವನ್ನು ದೇವರ ಶಿಕ್ಷೆಯೆಂದು ತಿಳಿಯುವುದು, ತನ್ನನ್ನು ದೇವರು ಕೈಬಿಟ್ಟನೆಂಬ ಭಾವದಲ್ಲಿಯೇ ಸಿಲುಕುವುದು, ಎಲ್ಲವನ್ನೂ ದುಷ್ಟಶಕ್ತಿಯ ಕೆಲಸವೆನ್ನುವುದು ಎರಡನೆಯ ಮಾದರಿ. ಮೊದಲನೆಯದು ಸಾಮಾನ್ಯವಾಗಿ ಮನಸ್ಸಿನ ಚೇತರಿಕೆಯೊಂದಿಗೂ ಎರಡನೆಯದು ಹೆಚ್ಚಿನ ಯಾತನೆಯೊಂದಿಗೂ ಕಾಣಿಸಿಕೊಳ್ಳುತ್ತದೆಂದು ಅಧ್ಯಯನಗಳು ತೋರಿಸಿವೆ. ಆದುದರಿಂದ ‘ವಿಶ್ವಾಸ ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆಯೇ ಅಪೂರ್ಣ. ಯಾವ ವಿಶ್ವಾಸ, ಯಾವ ಮಾತಿನಲ್ಲಿ, ಯಾರ ನಡುವೆ ಎಂದು ಕೇಳಬೇಕಾಗುತ್ತದೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ‘ದೇವರು ಕೈಬಿಟ್ಟ’ ಎಂಬ ಭಾವ ಈ ವಿಂಗಡಣೆಯಲ್ಲಿ ಎರಡನೆಯ ಮಾದರಿಗೆ ಸೇರುತ್ತದೆ. ಮೊರೆಯ ಕೀರ್ತನೆಗಳು ಆಡುವುದೂ ಅದೇ ಮಾತನ್ನೇ. ಆದರೆ ಒಳಗೊಳಗೇ ಕೊರೆಯುವ ಭಾವಕ್ಕೂ, ಅದನ್ನು ಕೈಬಿಟ್ಟವನ ಎದುರಿಗೇ, ಸಭೆಯ ನಡುವೆ ಹಾಡಾಗಿ ಇಡುವುದಕ್ಕೂ ವ್ಯತ್ಯಾಸವಿದೆ. ಮೊರೆಯಿಡುವವನು ಸಂಬಂಧವನ್ನು ಕಡಿದುಕೊಂಡಿಲ್ಲ. ಜಗಳವಾಡುವಷ್ಟು ಸಲಿಗೆಯನ್ನು ಉಳಿಸಿಕೊಂಡಿದ್ದಾನೆ. ಅಂಕಿಅಂಶಗಳ ಮಾಪನದಲ್ಲಿ ಸುಲಭವಾಗಿ ಕಾಣದ ಈ ವ್ಯತ್ಯಾಸವನ್ನು ಸಾಹಿತ್ಯದ ಓದು ಎತ್ತಿ ತೋರಿಸಬಲ್ಲುದು.

6. ವಿಶ್ವಾಸ ಹೊರೆಯಾಗುವ ಬಗೆ

ಎಲ್ಲ ಧರ್ಮಗಳಂತೆ ಕ್ರೈಸ್ತ ಸಮುದಾಯದಲ್ಲಿಯೂ ಮನಸ್ಸಿನ ಕಾಯಿಲೆಯನ್ನು ಪಾಪದ ಫಲವೆಂದೋ ನಂಬಿಕೆಯ ಕೊರತೆಯೆಂದೋ ದೆವ್ವದ ಹಿಡಿತವೆಂದೋ ಕಾಣುವ ಪ್ರವೃತ್ತಿಯಿದೆ. ಕಾಯಿಲೆಯನ್ನು ತಪ್ಪಿನ ಫಲವಾಗಿ ವಿವರಿಸುವ ಕಥನಗಳು ಈ ಸೀಮೆಗೆ ಹೊಸವಲ್ಲ. ಜಗನ್ನಾಥದಾಸರು ಪೂರ್ವಾಶ್ರಮದಲ್ಲಿ ವಿಜಯದಾಸರನ್ನು ಅವಮಾನಿಸಿದ್ದರಿಂದ ಉದರವ್ಯಾಧಿಗೆ ತುತ್ತಾದರೆಂದೂ ಗೋಪಾಲದಾಸರು ತಮ್ಮ ಆಯುಷ್ಯದ ಪಾಲನ್ನು ಕೊಟ್ಟು ಉಳಿಸಿದರೆಂದೂ ಐತಿಹ್ಯವಿದೆ. ಈ ಐತಿಹ್ಯದಲ್ಲಿ ಶಿಕ್ಷೆಯ ಜೊತೆಗೆ ಕಾರುಣ್ಯವೂ ಇರುವುದರಿಂದ ಅದು ಭಕ್ತರ ಮನಸ್ಸಿನಲ್ಲಿ ಉಳಿದಿದೆ. ಶಿಕ್ಷೆಯನ್ನು ಮಾತ್ರ ಹೇಳಿ ಕಾರುಣ್ಯವನ್ನು ಬಿಟ್ಟರೆ ಅದು ರೋಗಿಯ ಮೇಲೆ ಎರಡನೆಯ ರೋಗವನ್ನು ಹೇರಿದಂತೆ.

ಬೈಬಲಿನ ಪಠ್ಯವು ಈ ತರ್ಕವನ್ನು ಹಲ ಕಡೆಗಳಲ್ಲಿ ತಿರಸ್ಕರಿಸುತ್ತದೆ. ಯೋಬನ ಕಷ್ಟಕ್ಕೆ ಅವನ ಪಾಪವೇ ಕಾರಣವೆಂದು ವಾದಿಸಿದ ಸ್ನೇಹಿತರನ್ನು ಕೊನೆಯಲ್ಲಿ ದೇವರು ಗದರಿಸುತ್ತಾನೆ. ದೂರಿದ ಯೋಬನೇ ಸರಿಯಾಗಿ ಮಾತಾಡಿದನೆನ್ನುತ್ತಾನೆ. ಆ ಸ್ನೇಹಿತರು ಯೋಬನಿಗೆ ನಿಜವಾಗಿ ಒದಗಿದ್ದು, ಏಳು ದಿನ ಮಾತಿಲ್ಲದೆ ಅವನೊಂದಿಗೆ ನೆಲದ ಮೇಲೆ ಕುಳಿತಾಗ ಮಾತ್ರ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪವೆಂದು ಕೇಳಿದಾಗ, ಅವನದ್ದೂ ಅಲ್ಲ, ಅವನ ತಂದೆತಾಯಿಗಳದ್ದೂ ಅಲ್ಲವೆಂಬ ಉತ್ತರ ಬರುತ್ತದೆ. ಇನ್ನೂ ಮನನೀಯವಾದುದು ಎಲೀಯನ ಪ್ರಸಂಗ. ಅರಣ್ಯದ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬಯಸಿದ ಆ ಪ್ರವಾದಿಗೆ ದೇವದೂತನು ಉಪದೇಶ ಮಾಡುವುದಿಲ್ಲ. ಮಲಗಲು ಬಿಡುತ್ತಾನೆ, ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ, ಮತ್ತೆ ಮಲಗಲು ಬಿಡುತ್ತಾನೆ. ದಾರಿ ದೂರವಿದೆಯೆಂಬ ಮಾತು ಬರುವುದು ಆಮೇಲೆ. ದೇಹದ ಆರೈಕೆ ಮೊದಲು, ಮಾತು ನಂತರ ಎಂಬ ಈ ಕ್ರಮವನ್ನು ಸಭೆಗಳು ಮರೆಯಬಾರದು.

ಆತ್ಮಹತ್ಯೆಯ ವಿಷಯದಲ್ಲಿಯೂ ದೃಷ್ಟಿ ಬದಲಾಗಿದೆ. 1992ರ ಕಥೋಲಿಕ ಧರ್ಮಬೋಧನ ಗ್ರಂಥವು ತೀವ್ರ ಮಾನಸಿಕ ಅಸ್ವಸ್ಥತೆಯು ವ್ಯಕ್ತಿಯ ಹೊಣೆಯನ್ನು ಕುಗ್ಗಿಸಬಲ್ಲುದೆಂದು ಒಪ್ಪಿ, ಹಾಗೆ ಸತ್ತವರ ರಕ್ಷಣೆಯ ಬಗ್ಗೆ ನಿರಾಶೆ ತಾಳಬಾರದೆಂದು ಹೇಳಿತು. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೊಳಗಾದವರೆಂದು ಭಾವಿಸಬೇಕೆಂದಿತು. ಬೆಳೆ, ಸಾಲ, ಕೂಲಿಗಳ ಚಿಂತೆಯಲ್ಲಿ ಬೇಯುವ ಸೀಮೆಯಲ್ಲಿ ಈ ಬದಲಾವಣೆ ಧರ್ಮಪೀಠದಿಂದಲೂ ಕೇಳಿಬರಬೇಕಾದ ಸಂಗತಿ.

ಪ್ರಾರ್ಥನೆಯು ಚಿಕಿತ್ಸೆಗೆ ಬದಲಿಯಲ್ಲ. ನಿಮ್ಹಾನ್ಸ್ ಸಂಸ್ಥೆ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6 ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆಯಿತ್ತು. ಕಾಯಿಲೆಯ ಬಗೆಗನುಗುಣವಾಗಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ ಹಳ್ಳಿಗೆ ಚಿಕಿತ್ಸೆ ತಲುಪಿಸುವ ಪ್ರಯೋಗ 1980ರ ದಶಕದಲ್ಲಿ ನಡೆದುದು ನೆರೆಯ ಬಳ್ಳಾರಿಯಲ್ಲಿಯೇ. ‘ಬಳ್ಳಾರಿ ಮಾದರಿ’ಯೆಂದು ಹೆಸರಾದ ಅದರ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರಿಂದ ‘ಟೆಲಿ ಮಾನಸ್’ ಸೇವೆ 14416 ಸಂಖ್ಯೆಯಲ್ಲಿ ಲಭ್ಯವಿದೆ. ಡಾ. ಎಂ. ಶಿವರಾಂ, ಡಾ. ಸಿ.ಆರ್. ಚಂದ್ರಶೇಖರ್ ಮೊದಲಾದ ವೈದ್ಯ ಲೇಖಕರು ಈ ತಿಳಿವಳಿಕೆಯನ್ನು ತಿಳಿಗನ್ನಡದಲ್ಲಿ ಜನರಿಗೆ ತಲುಪಿಸಿದ್ದಾರೆ. ಕನ್ನಡ ಬೈಬಲ್ ಅಚ್ಚಾದ ಊರೂ, ಹಳ್ಳಿಗೆ ಮನೋವೈದ್ಯಕೀಯವನ್ನು ಒಯ್ದ ಮಾದರಿಯ ಜಿಲ್ಲೆಯೂ ಒಂದೇ ಆಗಿರುವುದು ಕಾಕತಾಳೀಯವಿರಬಹುದು. ಈ ಎರಡು ಪರಂಪರೆಗಳು ಪರಸ್ಪರ ಮಾತಾಡಬೇಕಾದ ಅಗತ್ಯವನ್ನಂತೂ ಅದು ನೆನಪಿಸುತ್ತದೆ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕನ್ನಡ ಬೈಬಲ್ ಮತ್ತು ಅದರ ಸುತ್ತಲಿನ ಸಾಹಿತ್ಯವು ಅನಿಶ್ಚಿತತೆಯನ್ನು ಅಳಿಸುವ ಭರವಸೆಯನ್ನು ಕೊಡುವುದಿಲ್ಲ. ಅದರೊಳಗೆ ಬದುಕಲು ಬೇಕಾದ ಪದಗಳನ್ನೂ ರೂಪಗಳನ್ನೂ ಕೊಡುತ್ತದೆ. ಈ ಪದಗಳು ಹೊರಗಿನಿಂದ ಬಂದ ವಿಶ್ವಾಸವನ್ನು ಈ ನೆಲದ ಭಕ್ತಿಯ ನುಡಿಗಟ್ಟಿಗೆ ಜೋಡಿಸಿದವು. ಮೊರೆಗೆ ಎಡೆಯಿರುವ ಕಡೆ ವಿಶ್ವಾಸವು ಮನಸ್ಸಿಗೆ ಆಸರೆ. ಮೊರೆಯನ್ನು ಅವಿಶ್ವಾಸವೆಂದು ಹಳಿಯುವ ಕಡೆ ಅದು ಹೊರೆ.

ಕನ್ನಡ ವಿಭಾಗಗಳಿಗೆ ಇದರಿಂದ ಒಂದು ಕೆಲಸ ಒದಗುತ್ತದೆ. ವಚನ, ದಾಸರ ಪದ, ತತ್ತ್ವಪದ, ರಿವಾಯತಗಳನ್ನು ಓದುವ ತರಗತಿಯಲ್ಲಿ ಕನ್ನಡದ ಕ್ರೈಸ್ತ ಕೀರ್ತನೆಗಳನ್ನೂ ಸಾಹಿತ್ಯವಾಗಿ ಓದುವಂತಾಗಬೇಕು. ಸಭೆಗಳಲ್ಲಿ ಹಾಡುವ ಹಾಡುಗಳನ್ನು, ಸಾವಿನ ಮನೆಯಲ್ಲಿ ಮಾಡುವ ಪ್ರಾರ್ಥನೆಗಳ ನುಡಿಯನ್ನು, ಗುಳೆ ಹೋಗುವ ಮುನ್ನ ಹಿರಿಯರು ಹರಸುವ ಮಾತುಗಳನ್ನು ಹಾಡುವವರ ಒಪ್ಪಿಗೆಯೊಂದಿಗೆ ಕ್ಷೇತ್ರಕಾರ್ಯದ ಮೂಲಕ ಸಂಗ್ರಹಿಸಬೇಕು. ಸಂಕಟವನ್ನು ಹೇಳಿಕೊಳ್ಳಲು ಕನ್ನಡದಲ್ಲಿ ಎಷ್ಟು ಮಾತುಗಳಿವೆಯೆಂದು ತಿಳಿದಷ್ಟೂ ವೈದ್ಯರಿಗೂ, ಪಾದ್ರಿಗಳಿಗೂ, ಪಾಠ ಹೇಳುವವರಿಗೂ ಎದುರಿಗೆ ಕುಳಿತವರ ಮೌನ ಅರ್ಥವಾಗುವುದು ಸುಲಭವಾಗುತ್ತದೆ. ಕಾಲುವೆಯ ಕೊನೆಯ ಹೊಲದಲ್ಲಿ ನೀರಿಗಾಗಿ ಕಾಯುವವರ ನಾಡಿನಲ್ಲಿ ‘ನಿರೀಕ್ಷೆ’ ಎಂಬ ಪದದ ಅರ್ಥವನ್ನು ನಿಘಂಟಿನಲ್ಲಿ ಮಾತ್ರ ಹುಡುಕಿದರೆ ಸಾಲದು.